ಕುಸುಮಾವತಿ ಕರಡಿಯ ಮನೆಗೆ ಹೋಗಿ ಬಂದದ್ದು

ಯಾರ ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ದೇವತೆಗಳಿಗೂ ಮನುಷ್ಯರಿಗೂ ಮೃಗಪಕ್ಷಿಗಳಿಗೂ ಒಂದೇ ಹೊತ್ತಿಗೆ ಎಡೆ ದೊರೆಯಿತೋ, ಯಾರ ಸಭೆಯಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಗಲಲಿಲ್ಲವೋ, ಆ ಜಿನಸ್ವಾಮಿಗೆ ಮೊದಲ ನಮಸ್ಕಾರ. ಅಲ್ಲಿಗೆ ಬಂದವರು ಎಷ್ಟೇ ಆದರೂ ಸ್ಥಳ ಸಾಲದೆ ಹೋಗಲಿಲ್ಲವೆಂದು ಹಿರಿಯರು ಬರೆದಿದ್ದಾರೆ. ನಮ್ಮ ಊರು ಅಷ್ಟು ಪುಣ್ಯ ಮಾಡಿದ್ದಲ್ಲ. ನಮ್ಮಲ್ಲಿ ಒಬ್ಬರು ಒಳಗೆ ಹೋದರೆ ಒಬ್ಬರು ಹೊರಗೆ ಬರಬೇಕು. ಆ ನಿಯಮಕ್ಕೆ ಒಳಪಟ್ಟೇ ಈ ಕಥೆಯನ್ನು ಹೇಳುತ್ತೇನೆ. ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು.

ಊರಿಗೆ ಮೂಡಲಲ್ಲಿ ಒಂದು ಕಾಡು, ಪಡುವಲಲ್ಲಿ ಒಂದು ಕಾಡು. ಎರಡೂ ರಾಷ್ಟ್ರೀಯ ಉದ್ಯಾನಗಳೆಂದು ಹಸಿರು ಫಲಕಗಳ ಮೇಲೆ ಬರೆದಿದೆ. ಈ ಎರಡು ಕಾಡುಗಳಲ್ಲಿಯೂ ತಲೆಗಳ ಸಂಖ್ಯೆ ಎಂದಿಗೂ ಹೆಚ್ಚುವುದಿಲ್ಲ. ಒಬ್ಬ ಮನುಷ್ಯ ಬಾಗಿಲೊಳಗೆ ಕಾಲಿಟ್ಟ ಕ್ಷಣಕ್ಕೆ ಒಂದು ಮೃಗ ಎದ್ದು ಹೊರಗೆ ಬರುತ್ತದೆ. ಹೋದವನು ಊರಿನವನಾದರೆ ಅದು ನೆಟ್ಟಗೆ ಅವನ ಮನೆಗೆ ಬಂದು, ಅವನು ಹೊರಬರುವ ತನಕ ಅಲ್ಲಿರುತ್ತದೆ. ಒಬ್ಬೊಬ್ಬನಿಗೆ ಒಂದೊಂದು ಮೃಗ, ಪ್ರತಿ ಸಲವೂ ಅದೇ. ಹೋದವನು ಪರಸ್ಥಳದವನಾದರೆ, ಪಾಪ, ಅವನ ಬದಲಿಗೆ ಬಂದ ಮೃಗಕ್ಕೆ ಹೋಗಲು ಮನೆಯಿರುವುದಿಲ್ಲ; ಅದು ಬಸ್ ನಿಲ್ದಾಣದಲ್ಲಿ ಕುಳಿತುಕೊಳ್ಳುತ್ತದೆ. ಹೀಗೆ ಬಂದವುಗಳು ಊರಿನಲ್ಲಿ ಯಾರನ್ನೂ ನೋಯಿಸಿದ್ದಿಲ್ಲ. ಅತಿಥಿಗಳು ಹಾಗೆ ನಡೆದುಕೊಳ್ಳುವುದು ಸಹಜವಾದುದರಿಂದ ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಶನಿವಾರ ಭಾನುವಾರಗಳಲ್ಲಿ ಜನರು ದೂರದೂರದಿಂದ ಬಂದು ಕಾಡನ್ನು ತುಂಬುತ್ತಾರೆ. ಕಾಡು ಬಂದು ಊರನ್ನು ತುಂಬುತ್ತದೆ. ಒಳಗೆ ಹೋದವರು ದಿನವಿಡೀ ಒಬ್ಬರನ್ನೊಬ್ಬರು ದುರ್ಬೀನಿನಲ್ಲಿ ನೋಡಿ, ಏನೂ ಕಾಣಲಿಲ್ಲವೆಂದು ಬಾಗಿಲ ಬಳಿಯ ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ಆ ಹೊತ್ತಿಗೆ ಕ್ಷೌರದಂಗಡಿಯ ಬೆಂಚಿನ ಮೇಲೆ ಎರಡು ಮುಸುವಗಳು ಕುಳಿತಿರುತ್ತವೆ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಚಿರತೆ ಮಲಗಿರುತ್ತದೆ, ಟಪಾಲಿನವನು ಅದರ ಬಾಲವನ್ನು ದಾಟಿ ಹೋಗುತ್ತಾನೆ. ಜವಳಿ ಅಂಗಡಿಯವರು ಶುಕ್ರವಾರ ಸಂಜೆಯೇ ಸೀರೆಗಳನ್ನು ಅಟ್ಟಕ್ಕೇರಿಸುತ್ತಾರೆ, ಜಿಂಕೆಗಳಿಗೆ ಸೆರಗು ಚೀಪುವ ಚಾಳಿ ಇರುವುದರಿಂದ. ಮದುವೆಗಳನ್ನು ನಾವು ಬುಧವಾರ ಇಟ್ಟುಕೊಳ್ಳುತ್ತೇವೆ.

ಊರಿನ ಕಟ್ಟಳೆ ಒಂದೇ. ಮನೆಯಿಂದ ಒಬ್ಬರು ಕಾಡಿಗೆ ಹೊರಟರೆ ಇನ್ನೊಬ್ಬರು ಮನೆಯಲ್ಲಿದ್ದು ಬಂದವರಿಗೆ ನೀರು ಕೊಡಬೇಕು. ಬೀಗ ಹಾಕಿದ ಬಾಗಿಲ ಮುಂದೆ ಮೃಗವನ್ನು ನಿಲ್ಲಿಸಿದ ಮನೆಗೆ ಹೆಣ್ಣು ಕೊಡುವವರಿಲ್ಲ.

ನಾನು ಪಾಠಶಾಲೆಯಲ್ಲಿ ಹಳಗನ್ನಡ ಕಲಿಸಿ ನಿವೃತ್ತನಾದವನು, ಹೆಸರು ಧರಣೇಂದ್ರಯ್ಯ. ಪ್ರಾಚೀನ ಕಾವ್ಯಗಳಲ್ಲಿ ಬರುವ ಮರಗಿಡಗಳಿಗೆ ಒಂದು ಕೋಶ ಬರೆಯಲು ತೊಡಗಿ, ಅವುಗಳನ್ನು ಕಣ್ಣಾರೆ ಕಂಡು ಗುರುತಿಸಬೇಕೆಂದು, ಇಪ್ಪತ್ತೆರಡು ವರ್ಷಗಳಿಂದ ತಿಂಗಳಿಗೊಮ್ಮೆ, ವಾರದ ನಡುವೆ, ಪಡುವಣ ಕಾಡಿಗೆ ಹೋಗುತ್ತಿದ್ದೆ. ಕೋಶ ಈಗ ಕಕಾರದಲ್ಲಿದೆ. ನಾನು ಹೋದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದುದು ಒಂದು ಕರಡಿ. ನನ್ನ ಹೆಂಡತಿ ಕುಸುಮಾವತಿ ಅದಕ್ಕೆ ಜಗಲಿಯಲ್ಲಿ ಗೋಣಿ ಹಾಸಿ, ಬಾಳೆಹಣ್ಣು, ಬೆಲ್ಲದ ಪಾನಕ ಇಡುತ್ತಿದ್ದಳು. ನಮ್ಮ ಮತದಲ್ಲಿ ಜೇನು ನಿಷಿದ್ಧ. ಜೇನಿನ ಹನಿಯೂ ಇಲ್ಲದ ಮನೆಗೆ ಒಂದು ಕರಡಿ ಇಪ್ಪತ್ತೆರಡು ವರ್ಷ ತಪ್ಪದೆ ಬಂದಿತೆಂಬುದು ಸಾಮಾನ್ಯವಾದ ಸ್ನೇಹವಲ್ಲ. ನಾನು ಮಾತ್ರ ಅದನ್ನು ಕಂಡವನಲ್ಲ. ಮರಳುವಾಗ ದಾರಿಯಲ್ಲಿ ಅದು ನನಗೆ ಎದುರಾಗುತ್ತಿತ್ತೆಂದು ಊರವರು ಹೇಳುತ್ತಾರೆ. ನಾನು ಟಿಪ್ಪಣಿ ಪುಸ್ತಕ ನೋಡಿಕೊಂಡು ನಡೆಯುವವನು.

ಕುಸುಮಾವತಿ ಕಾಡಿನೊಳಗೆ ಕಾಲಿಟ್ಟವಳಲ್ಲ. ಅವಳು ಹೋಗಿ ನಾನು ಮನೆಯಲ್ಲಿರಬಹುದಾಗಿತ್ತು. ಹೋಗೆಂದು ನಾನು ಹೇಳಲಿಲ್ಲ, ಹೋಗಬೇಡವೆಂದೂ ಹೇಳಲಿಲ್ಲ. ಅವಳು ಕೇಳಿದಾಗಲೆಲ್ಲ, ಒಂದು ದೃಷ್ಟಿಯಿಂದ ಹೋಗಬಹುದು, ಇನ್ನೊಂದು ದೃಷ್ಟಿಯಿಂದ ಹೋಗಲಾಗದು, ಮತ್ತೊಂದು ದೃಷ್ಟಿಯಿಂದ ಅದು ಮಾತಿಗೆ ಮೀರಿದ್ದು ಎಂದು ಸ್ಯಾದ್ವಾದದ ಕ್ರಮದಲ್ಲಿ ಉತ್ತರಿಸುತ್ತಿದ್ದೆ. ಅವಳು ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು.

ಹೀಗಿರುವಲ್ಲಿ ಒಂದು ಗುರುವಾರ ಅವಳು ಬಸದಿಯಿಂದ ಬರುತ್ತಾ ಚಾವಡಿಯ ಗೋಡೆಯ ಮೇಲಿನ ಪ್ರಕಟಣೆಯನ್ನು ಓದಿಕೊಂಡು ಬಂದಳು. ಬರುವ ಸೋಮವಾರದಿಂದ ಊರವರ ಕಾಲುದಾರಿಗಳನ್ನು ಮುಚ್ಚಲಾಗುವುದು. ಎರಡೂ ಉದ್ಯಾನಗಳಿಗೆ ನಲವತ್ತು ಆಸನದ ಬಸ್ಸಿನಲ್ಲಿ ಮಾತ್ರ ಪ್ರವೇಶ. ಬಸ್ಸು ತುಂಬಿದ ಮೇಲೆಯೇ ಹೊರಡತಕ್ಕದ್ದು. ವಾರದ ಏಳು ದಿನವೂ ಬಸ್ಸುಗಳು ಒಂದರ ಹಿಂದೊಂದು ಇರುವುವು.

“ಓದಿದಿರಾ?” ಎಂದಳು. “ದಿನಾ ಬಸ್ಸಿನ ಹಿಂದೆ ಬಸ್ಸು ಹೋದರೆ ಒಳಗೆ ಯಾರಿರ್ತಾರೆ?”

“ಜನರಿರುತ್ತಾರೆ” ಎಂದೆ.

“ಅದೇ ನಾನೂ ಹೇಳೋದು. ಇಪ್ಪತ್ತೆರಡು ವರ್ಷ ಆ ಕರಡಿ ನಮ್ಮನೆಗೆ ಬಂತು. ನಾನು ಒಂದು ಸಲ ಅದರ ಮನೆಗೆ ಹೋಗಿಲ್ಲ. ಇದು ಯಾವ ಸೀಮೆ ನಡತೆ ರೀ? ಜಗಳ ಆಡಿದ ಬೀಗರ ಮನೆಗೂ ವರ್ಷಕ್ಕೊಂದು ಸಲ ಹೋಗಿ ಬರ್ತೀವಿ. ನಮ್ಮ ಜಗಲಿ ಮೇಲೆ ಕೂತಿರೋದನ್ನ ಎಷ್ಟು ನೋಡಿದರೂ ಅಷ್ಟೆ. ಅದರ ಮನೇಲಿ ಅದು ಹೇಗಿರುತ್ತೆ ಅಂತ ನೋಡಬೇಕು ನನಗೆ. ಈ ಶನಿವಾರ ಭಾನುವಾರ ಬಿಟ್ಟರೆ ಮತ್ತೆ ಇಲ್ಲ.”

ಶುಕ್ರವಾರ ಪರ್ವದ ಉಪವಾಸ, ಬಸದಿಯಲ್ಲಿ ಪೂಜೆ. ಹಾಗಾಗಿ ಆ ದಿನ ಕದಲುವಂತಿರಲಿಲ್ಲ. ಉಳಿದದ್ದು ಜನ ನುಗ್ಗುವ ಎರಡು ದಿನಗಳು. ಅವಳ ಸ್ವರದಲ್ಲಿ ಸ್ಯಾದ್ವಾದದ ಏಳು ಬಗೆಯ ಉತ್ತರಗಳಾದ ಸಪ್ತಭಂಗಿಗೆ ಎಡೆಯಿರಲಿಲ್ಲವಾದ್ದರಿಂದ ನಾನು ಕೂಡಲೇ ಕಾಗದ ತೆಗೆದು ಜನಸಂದಣಿಯನ್ನು ತಪ್ಪಿಸುವ ಯೋಜನೆಯನ್ನು ಬರೆಯಲು ಕುಳಿತೆ. ಇಬ್ಬರೂ ಹೋಗುವುದು; ಪಕ್ಕದ ಮನೆಯ ಸಣ್ಣೇಗೌಡರು ನಮ್ಮ ಜಗಲಿಯಲ್ಲಿದ್ದು ಬಂದವರನ್ನು ನೋಡಿಕೊಳ್ಳುವುದು. ಇನ್ನು ಮುಂದೆ ಎರಡೂ ಕಾಡುಗಳ ದಾರಿ ಮುಚ್ಚುವುದರಿಂದ ಎರಡನ್ನೂ ನೋಡಿಬಿಡುವುದು. ಶನಿವಾರ ಬರುವವರು ಬಸ್ ನಿಲ್ದಾಣಕ್ಕೆ ಹತ್ತಿರವಾದ ಪಡುವಣಕ್ಕೆ ಮೊದಲು ನುಗ್ಗುವರು. ಆದುದರಿಂದ ನಾವು ಶನಿವಾರ ಮೂಡಣಕ್ಕೂ ಭಾನುವಾರ ಪಡುವಣಕ್ಕೂ ಹೋಗುವುದು. ಕುಸುಮಾವತಿ ಕರಡಿಯ ಮನೆಯೇ ಮೊದಲಾಗಲಿ ಎಂದಳು. ನಾನು ಯುಕ್ತಿಯನ್ನು ವಿವರಿಸಿದೆ. ಅವಳು ಸುಮ್ಮನಾದಳು.

ಸಣ್ಣೇಗೌಡರು ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಯೋಜನೆಯನ್ನು ಕೇಳಿ, “ಮೇಷ್ಟ್ರೇ, ಜನ ಇರಲ್ಲ ಅಂತ ಜನ ಎಲ್ಲಿಗೆ ಹೋಯ್ತಾರೋ ಅಲ್ಲೇ ಜನ ಇರ್ತಾರೆ. ಹಿಂದ್ಗಡೆ ಬಸ್ಸು ಖಾಲಿ ಬತ್ತಾ ಅದೆ ಅಂತ ಕಾದು ಹತ್ತಿದೋರೇ ನಿಂತ್ಕಂಡು ಹೋಗಿರದು” ಎಂದರು. ಅನುಭವವೂ ಒಂದು ಪ್ರಮಾಣವೇ. ಆದರೆ ತರ್ಕದಿಂದ ಊಹಿಸುವ ಅನುಮಾನ ಪ್ರಮಾಣ ನನ್ನ ಕಡೆ ಇತ್ತು.

ಶನಿವಾರ ನಸುಕಿನಲ್ಲಿ ಮೂಡಣ ಕಾಡಿನ ಬಾಗಿಲಿಗೆ ಹೋದೆವು. ನನ್ನಂತೆಯೇ ಯೋಚಿಸಿದವರು ಸುಮಾರು ಒಂದು ಸಾವಿರ ಮಂದಿ ಅಲ್ಲಿದ್ದರು. ಸಾಲು ಕೆರೆಯ ಏರಿಯನ್ನು ಸುತ್ತಿ, ಹಿಟ್ಟಿನ ಗಿರಣಿಯನ್ನು ದಾಟಿ ನಿಂತಿತ್ತು. ನಾವು ಅರ್ಧ ದಾರಿ ಸರಿಯುವ ಹೊತ್ತಿಗೆ ಸಾಲಿನ ಪಕ್ಕದಲ್ಲಿ ಒಳಗಿನವರು ಹೊರಗೆ ಬರತೊಡಗಿದರು. ಮೊದಲು ಜಿಂಕೆಗಳು, ಹಿಂದೆ ಕಡವೆಗಳು, ಮರಿಗಳನ್ನು ಮುಂದೆ ಬಿಟ್ಟುಕೊಂಡು ಒಂದು ಹಂದಿ, ಯಾರ ಮುಖವನ್ನೂ ನೋಡದೆ ಒಂದು ಹುಲಿ. ಸಾಲಿನಲ್ಲಿದ್ದವರು ಸರದಿ ತಪ್ಪೀತೆಂದು ಮುಂದೆ ನೋಡುತ್ತಾ ನಿಂತಿದ್ದರೇ ಹೊರತು ಪಕ್ಕಕ್ಕೆ ತಿರುಗಲಿಲ್ಲ.

“ಒಳಗೆ ಈಗ ಏನಿದೆ?” ಎಂದು ಬಾಗಿಲವನನ್ನು ಕೇಳಿದೆ.

“ಒಂದು ಆಮೆ ಅದೆ, ನಡೀತಾ ಅದೆ” ಎಂದ. “ಮಧ್ಯಾಹ್ನದೊಳಗೆ ಅದೂ ಬತ್ತದೆ.”

ಕುಸುಮಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಡೀರಿ ಮನೆಗೆ. ಇಷ್ಟು ಜನ ಬಸ್ ಸ್ಟ್ಯಾಂಡಿಗೆ ಹೋಗ್ತಿದಾರೆ, ನೀರು ಕೊಡೋರು ಯಾರಿದಾರೆ” ಎಂದಳು. ಜನ ಎಂದು ಅವಳು ಕರೆದದ್ದು ಜಿಂಕೆಗಳನ್ನು. ಆ ದಿನ ಸಂಜೆಯವರೆಗೆ ಅವಳು ಬಸ್ ನಿಲ್ದಾಣದ ತೊಟ್ಟಿಗೆ ನೀರು ತುಂಬಿದಳು. ನಾನು ನೆರಳಿನಲ್ಲಿ ಕುಳಿತು ಭಾನುವಾರದ ಯೋಜನೆಯನ್ನು ತಿದ್ದಿದೆ.

ತಿದ್ದಿದ ಯೋಜನೆ ನಿರ್ದೋಷವಾಗಿತ್ತು. ಪಡುವಣ ಕಾಡಿನ ಬೆನ್ನಿಗೆ ಕಲ್ಲುಬಾಗಿಲೆಂಬ ಹಳೆಯ ದಾರಿಯಿದೆ, ಪರಸ್ಥಳದವರಿಗೆ ತಿಳಿಯದು. ಅಲ್ಲಿ ಕಾವಲಿಗೆ ಇರುವವಳು ಕೇತಮ್ಮ, ಕಾಡಿನಲ್ಲೇ ಹುಟ್ಟಿ ಬೆಳೆದವಳು. ಸೂರ್ಯ ಹುಟ್ಟುವ ಹೊತ್ತಿಗೆ ನಾವು ಅಲ್ಲಿಗೆ ಮುಟ್ಟಿದಾಗ ಒಂದು ನರಪಿಳ್ಳೆಯೂ ಇರಲಿಲ್ಲ. ಕುಸುಮಾವತಿ ಮದುವೆಮನೆಗೆ ಉಡುವ ಹಸಿರು ಸೀರೆಯುಟ್ಟು, ಬುಟ್ಟಿಯಲ್ಲಿ ಎರಡು ಚಿಪ್ಪು ಬಾಳೆಹಣ್ಣು ಇಟ್ಟುಕೊಂಡಿದ್ದಳು. ನನ್ನ ತರ್ಕ ಫಲಿಸಿತೆಂದು ಸಮಾಧಾನದಿಂದ ಚಪ್ಪಲಿ ಕಳಚಿದೆ.

ಕೇತಮ್ಮ ಎಲೆಯಡಿಕೆ ಜಗಿಯುತ್ತಾ ಇಬ್ಬರನ್ನೂ ನೋಡಿದಳು. “ಯಾರ್ನ ನೋಡಕ್ಕೆ ಬಂದ್ರವ್ವಾ?”

“ಕರಡೀನ” ಎಂದಳು ಕುಸುಮಾವತಿ. “ನಮ್ಮನೆಗೆ ಬರುತ್ತಲ್ಲ, ಅದನ್ನ.”

“ಹಂಗಾರೆ ಈ ಅಯ್ನೋರು ಯಾಕೆ?”

ಜನಸಂದಣಿಯನ್ನು ತಪ್ಪಿಸುವ ನಮ್ಮ ಯೋಜನೆಯ ಹಿಂದಿನ ಯುಕ್ತಿಗಳನ್ನು ನಾನು ಅವಳಿಗೆ ಕ್ರಮವಾಗಿ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿ, ಪಕ್ಕಕ್ಕೆ ಉಗುಳಿ, “ಎಲ್ಲಾ ಸರಿ ಅಯ್ನೋರೆ. ನೀವು ಈ ಕಲ್ಲು ದಾಟಿ ಕಾಲಿಟ್ರೆ ಅದು ಎದ್ದು ನಿಮ್ಮನೆಗೆ ಹೊಂಟೋಯ್ತದೆ” ಎಂದಳು.

ನಾನು ಎತ್ತಿದ ಕಾಲನ್ನು ಇಳಿಸಿದೆ. ಸಾವಿರ ಜನರನ್ನು ಕಳೆಯುವುದು ಹೇಗೆಂದು ಎರಡು ದಿನ ಯೋಚಿಸಿದವನು, ಉಳಿಯುವ ಒಬ್ಬನನ್ನು ಎಣಿಸಿರಲಿಲ್ಲ. ಆ ಕರಡಿಯ ಪಾಲಿಗೆ ಜನಸಂದಣಿ ಎಂದರೆ ನಾನೊಬ್ಬನೇ ಆಗಿದ್ದೆ.

ಕುಸುಮಾವತಿಯ ಕಡೆ ತಿರುಗಿದೆ. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. “ನಿನಗೆ ಗೊತ್ತಿತ್ತೇ?” ಎಂದೆ.

“ಗುರುವಾರದಿಂದ.”

“ಹಾಗಾದರೆ ಏಕೆ ಹೇಳಲಿಲ್ಲ?”

“ನೀವು ಅಷ್ಟು ಕಷ್ಟಪಟ್ಟು ಬರೀತಿದ್ರಿ. ಬಾಗಿಲ ತನಕ ಆದ್ರೂ ಜೊತೇಲಿ ಬರ್ತೀರಲ್ಲ ಅಂತ ಸುಮ್ಮನಾದೆ.”

ನನ್ನೊಳಗೆ ಹಲವು ವಾದಗಳು ಎದ್ದವು. ಕರಡಿ ಹೋದರೂ ಆನೆ ಇದ್ದೀತು. ಒಬ್ಬಳೇ ಹೋಗುವುದು ಯುಕ್ತವೇ. ದಾರಿಯ ಗಿಡಗಳ ಹೆಸರುಗಳನ್ನು ನಾನಿಲ್ಲದೆ ಹೇಳುವವರು ಯಾರು. ಅಷ್ಟರಲ್ಲಿ ಕಾಡಿನ ಆಚೆ ಬದಿಯ ಹೆಬ್ಬಾಗಿಲ ಕಡೆಯಿಂದ ಬಸ್ಸುಗಳ ಹಾರ್ನ್ ಕೇಳಿಸಿತು. “ಆಕಡೆ ಜನ ನುಗ್ತಾ ಅವ್ರೆ” ಎಂದಳು ಕೇತಮ್ಮ. “ಮುಂದ್ಗಡೆ ಇರವು ಮೊದ್ಲು ಏಳ್ತವೆ. ಕರಡಿ ಹಿಂದೆ ಇರದು. ಆದ್ರೂವೆ ಹೊತ್ತು ಏರಿದ್ರೆ ಅದ್ರ ಸರದೀನೂ ಬತ್ತದೆ. ಬೇಗ ಏನಾರ ಒಂದು ಯೋಳಿ.”

“ಹೋಗಿ ಬಾ” ಎಂದೆ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ, ಹಿಂದೆ ಮುಂದೆ ಯಾವ ವಿಶೇಷಣವನ್ನೂ ಸೇರಿಸದೆ. ಅವಳು ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಕಲ್ಲನ್ನು ದಾಟಿದಳು. ಹಿಂತಿರುಗಿ ನೋಡಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಊರಿನ ಕಡೆಗೆ, ನನ್ನ ವಯಸ್ಸಿಗೆ ಒಪ್ಪದ ವೇಗದಲ್ಲಿ ನಡೆದೆ.

ಸಣ್ಣೇಗೌಡರು ನಮ್ಮ ಜಗಲಿಯಲ್ಲಿ ಒಂದು ಹಿಡಿ ಗರಿಕೆ ಇಟ್ಟುಕೊಂಡು ಕುಳಿತಿದ್ದರು. “ಏನ್ ಮೇಷ್ಟ್ರೇ, ನಿಮ್ಮನ್ನ ಒಳಗೇ ಬಿಡ್ಲಿಲ್ವಾ?” ಎಂದರು. ನಡೆದುದನ್ನು ಹೇಳಿದೆ. ಅವರು ಬಹಳ ಹೊತ್ತು ನಕ್ಕು, ಆಮೇಲೆ ಗರಿಕೆಯನ್ನು ತೋರಿಸಿ, “ಅಮ್ಮಾರ ಬದ್ಲಿಗೆ ಬರದು ಮೊಲವೋ ಜಿಂಕೆಮರಿಯೋ ಇರ್ಬೇಕು ಅಂತ ಇಷ್ಟು ತಂದೆ” ಎಂದರು. ನಾನೂ ಹಾಗೆಯೇ ತಿಳಿದಿದ್ದೆ. ಕಾವ್ಯಗಳಲ್ಲಿ ಸ್ತ್ರೀಯರಿಗೆ ಹೇಳಿರುವ ಉಪಮಾನಗಳಲ್ಲಿ ದೊಡ್ಡ ಮೃಗಗಳು ಕಡಮೆ.

ಆಗ ಬೀದಿಯ ತಿರುವಿನಲ್ಲಿ ನೆರಳು ಕಾಣಿಸಿತು. ಬಂದದ್ದು ಒಂದು ಹೆಣ್ಣು ಕಾಟಿ, ಕಾಡೆಮ್ಮೆ. ಬೆನ್ನು ನಮ್ಮ ಸೂರಿನ ಅಂಚಿಗೆ ಮುಟ್ಟುತ್ತಿತ್ತು. ನಾಲ್ಕು ಕಾಲುಗಳಿಗೂ ಮೊಣಕಾಲ ತನಕ ಬಿಳಿ. ಅದು ಅವಸರವಿಲ್ಲದೆ ಅಂಗಳಕ್ಕೆ ಬಂದು, ಗರಿಕೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ನಿಂತಿತು. ಸಣ್ಣೇಗೌಡರು ಗರಿಕೆಯನ್ನು ಬೆನ್ನ ಹಿಂದಕ್ಕೆ ಸರಿಸಿದರು.

“ಮೂವತ್ತೊಂದು ವರ್ಷ ಸಂಸಾರ ಮಾಡಿದ್ದೀರಿ” ಎಂದರು ಮೆಲ್ಲಗೆ. “ಗೊತ್ತೇ ಆಗ್ಲಿಲ್ವಾ ಸ್ವಾಮಿ?”

ಅತಿಥಿಗೆ ನೀರು ಕೊಡಬೇಕಾಗಿತ್ತು. ನಮ್ಮ ಮನೆಯಲ್ಲಿ ಬಾವಿಯ ನೀರನ್ನು ಸೋಸದೆ ಯಾರಿಗೂ ಕೊಡುವುದಿಲ್ಲ. ಸೋಸುವ ಬಟ್ಟೆ ಎಲ್ಲಿರುವುದೆಂದು ನನಗೆ ತಿಳಿದಿರಲಿಲ್ಲ. ಅಹಿಂಸೆಯ ಮೇಲೆ ನಾನು ಹನ್ನೊಂದು ಉಪನ್ಯಾಸ ಕೊಟ್ಟಿದ್ದೇನೆ. ಅಡುಗೆಮನೆಯಲ್ಲಿ ಹುಡುಕಿ, ಬಚ್ಚಲುಮನೆಯಲ್ಲಿ ಹುಡುಕಿ, ಕೊನೆಗೆ ಅದು ಬಾವಿಕಟ್ಟೆಯ ಗೂಟದಲ್ಲೇ ನೇತಾಡುತ್ತಿದ್ದುದನ್ನು ಕಂಡೆ. ಒಂದು ಕೊಡ ಸೇದುವುದು, ಬಟ್ಟೆಯಲ್ಲಿ ಸೋಸುವುದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳು ಸಾಯದಂತೆ ಅದನ್ನು ತಿರುಗಿಸಿ ಬಾವಿಯ ನೀರಿಗೇ ಜಾಲಿಸಿ ಬಿಡುವುದು, ಮತ್ತೆ ಕೊಡ ಇಳಿಸುವುದು. ಕಾಟಿ ಒಂದು ಕೊಡವನ್ನು ಒಂದೇ ಉಸಿರಿಗೆ ಕುಡಿಯುತ್ತಿತ್ತು.

“ಕಾಡುಪ್ರಾಣಿಗೂ ಸೋಸ್ತೀರಾ?” ಎಂದರು ಸಣ್ಣೇಗೌಡರು. “ಅದು ಕೆಸರಲ್ಲಿ ಬಾಯಿ ಇಟ್ಟು ಕುಡಿಯೋದು.”

“ಬಾವಿಯೊಳಗಿನ ಜೀವಕ್ಕೆ ತಾನು ಯಾರ ಬಾಯಿಗೆ ಹೋದೆನೆಂಬುದು ಮುಖ್ಯವಲ್ಲ” ಎಂದೆ. ಆರನೆಯ ಕೊಡಕ್ಕೆ ಮಾತನಾಡುವ ಶಕ್ತಿ ಹೋಯಿತು. ಅಂಗೈ ಬೊಬ್ಬೆಯೆದ್ದಿತು. ಗೌಡರು ಎದ್ದು ಹೋಗಿ ತಮ್ಮ ಹಿತ್ತಿಲಿನಿಂದ ಎರಡು ಹೊರೆ ಹಸಿಹುಲ್ಲು ತಂದರು.

ಹೊತ್ತು ಏರಿದಂತೆ ಪಡುವಣ ಕಾಡಿನ ಮೃಗಗಳು ಬೀದಿಯಲ್ಲಿ ಸಾಲಾಗಿ ಬಸ್ ನಿಲ್ದಾಣದ ಕಡೆಗೆ ಹೋಗತೊಡಗಿದವು. ಹೆಬ್ಬಾಗಿಲ ಕಡೆ ಜನ ಹೆಚ್ಚುತ್ತಿದ್ದರೆಂದು ಅದರ ಅರ್ಥ. ನಾನು ಹಗ್ಗ ಸೇದುತ್ತಲೇ ಬೀದಿಯನ್ನು ನೋಡುತ್ತಿದ್ದೆ. ಆ ಸಾಲಿನಲ್ಲಿ ಅವಳ ಕರಡಿ ಬಂದರೆ ಅವಳು ಹೋದದ್ದು ವ್ಯರ್ಥ. ಇನ್ನು ಮುಂದೆ ಅವಕಾಶವೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ಒಂದು ಕರಡಿ ಬಂತು. ನನ್ನ ಕೈಯಿಂದ ಹಗ್ಗ ಜಾರಿ ಕೊಡ ಬಾವಿಗೆ ಬಿದ್ದಿತು. ಅದು ಅವಳ ಕರಡಿಯೋ ಬೇರೆಯದೋ ನನಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ತನ್ನ ಸ್ಥಳವನ್ನು ನನಗೆ ಬಿಟ್ಟುಕೊಟ್ಟು ಬಂದದ್ದರ ಮುಖ ನನಗೆ ಗೊತ್ತಿರಲಿಲ್ಲ.

“ಅದಲ್ಲ ಬಿಡಿ” ಎಂದರು ಸಣ್ಣೇಗೌಡರು. “ನಿಮ್ದು ಎಡಗಾಲು ಚೂರು ಎಳ್ದು ನಡೀತದೆ. ಎದೆ ಮೇಲೆ ಬಿಳಿ ಗೆರೆ, ಒಂದು ಕಡೆ ಮುರಿದಂಗದೆ. ಇಡೀ ಬೀದಿಗೇ ಗೊತ್ತು. ಅದು ಬಂತು ಅಂದ್ರೆ ಮೇಷ್ಟ್ರು ಊರಲ್ಲಿಲ್ಲ ಅಂತ ನಾವು ಜೋರಾಗಿ ರೇಡಿಯೋ ಹಾಕ್ತಿದ್ದೋ.”

ಗೌಡರ ಪಾತಾಳಗರಡಿಯಿಂದ ಕೊಡವನ್ನು ಮೇಲೆತ್ತಿದೆವು. ಎಡಗಾಲು ಎಳೆಯುವ ಕರಡಿ ಸಾಲಿನಲ್ಲಿ ಬರಲಿಲ್ಲ. ಮೂರು ಗಂಟೆಗೂ ಬರಲಿಲ್ಲ, ನಾಲ್ಕಕ್ಕೂ ಬರಲಿಲ್ಲ. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕಾದ ಮನೆಯಾದ್ದರಿಂದ ನಾನು ಒಲೆ ಹಚ್ಚಿ ಅನ್ನಕ್ಕಿಟ್ಟೆ. ಅದು ಗಂಜಿಯಾಯಿತು. ಗಂಜಿಯೆಂದೇ ಹೇಳಿದರಾಯಿತೆಂದು ಉಪ್ಪು ಹಾಕಿದೆ.

ಹೊರಗೆ ಕಾಟಿ ತಲೆಯೆತ್ತಿ, ಮೂಗನ್ನು ಗಾಳಿಗೆ ಒಡ್ಡಿ, ಅಂಗಳದಿಂದ ಹೊರಟಿತು. ಕುಸುಮಾವತಿ ಕಲ್ಲನ್ನು ದಾಟಿ ಹೊರಬಂದಳೆಂದು ತಿಳಿದೆವು. ಅರ್ಧ ಗಂಟೆಯಲ್ಲಿ ಅವಳೇ ಬಂದಳು. ಸೀರೆಯ ಅಂಚಿಗೆ ಉತ್ತರಾಣಿ ಮುಳ್ಳು ಹತ್ತಿತ್ತು. ಬುಟ್ಟಿಯಲ್ಲಿ ಬಾಳೆಹಣ್ಣು ಹಾಗೆಯೇ ಇತ್ತು. ಕರಡಿ ಸಿಗಲಿಲ್ಲವೆಂದುಕೊಂಡೆ. ಮಣೆ ಹಾಕಿದೆ.

“ದಾರೀಲಿ ಎದುರಾಯ್ತು ನನ್ನದು” ಎಂದಳು ಕುಳಿತುಕೊಳ್ಳುತ್ತಾ. “ಎಷ್ಟು ದೊಡ್ಡದಪ್ಪಾ. ಮನೇಲಿ ಏನಾದ್ರೂ ಕೊಟ್ಟರೋ ಇಲ್ವೋ ಅಂತ ಪಕ್ಕೆ ನೋಡಿದೆ. ತುಂಬಿತ್ತು. ಪರವಾಗಿಲ್ಲ.”

“ಕರಡಿ ಸಿಕ್ಕಿತೇ?” ಎಂದೆ.

“ಸಿಕ್ಕಿತು.”

“ನಿನ್ನ ಗುರುತು ಹಿಡಿಯಿತೇ?”

“ಇಲ್ಲ. ಒಂದು ಸಲ ನೋಡಿತು, ಮತ್ತೆ ತಿರುಗಿಕೊಂಡಿತು. ಅದಕ್ಕೆ ಕೆಲಸ ಇತ್ತು. ಹುತ್ತ ಅಗೆದು ಗೆದ್ದಲು ತಿಂತಿತ್ತು. ಬೆಳಗ್ಗೆಯಿಂದ ಸಾಯಂಕಾಲದವರೆಗೂ ಅದೇ.”

ಗೆದ್ದಲೆಂದರೆ ಲೆಕ್ಕವಿಲ್ಲದಷ್ಟು ಜೀವ. ಒಂದು ಹನಿ ನೀರಿನಲ್ಲಿರುವುದನ್ನು ಉಳಿಸಲು ಬಟ್ಟೆ ಜಾಲಿಸುವವಳು ಅವಳು. “ನೀನೇನು ಮಾಡಿದೆ?” ಎಂದೆ.

“ನಾನೇನು ಮಾಡಲಿ? ಅವರ ಮನೆ, ಅವರ ಊಟ. ಹಣ್ಣು ಕೊಡೋದು ಮರ್ಯಾದೆ ಅಲ್ಲ ಅನ್ನಿಸ್ತು. ಒಂದು ಬಂಡೆ ಇತ್ತು, ಕೂತೆ.” ಅವಳು ಗಂಜಿಯನ್ನು ಬಾಯಿಗಿಟ್ಟು, ಏನೋ ಹೇಳಹೊರಟು, ನುಂಗಿಕೊಂಡಳು. “ಇಡೀ ದಿನ ಕೂತಿದ್ದೆ ರೀ. ಒಬ್ಬರೂ ನನ್ನನ್ನ ಏನೂ ಕೇಳಲಿಲ್ಲ.”

ನಾನು ಮಜ್ಜಿಗೆ ಎಲ್ಲಿದೆಯೆಂದು ಅವಳನ್ನು ಕೇಳಬೇಕೆಂದಿದ್ದೆ; ಕೇಳದೆ, ಎದ್ದು ಹೋಗಿ ಹುಡುಕಿದೆ.

ಈ ಕಥೆಯನ್ನು ಕೇಳಿದವರಿಗೂ ಓದಿದವರಿಗೂ ಓದಿಸಿ ಕೇಳಿದವರಿಗೂ ಒಳಿತಾಗಲಿ. ಬಂದವರಿಗೆ ಕೊಡಲು ಮನೆಯಲ್ಲಿ ನೀರಿರಲಿ, ಹೋದಲ್ಲಿ ಕೂರಲು ಒಂದು ಕಲ್ಲಿರಲಿ. ನಾವು ಎದ್ದು ನಿಂತರೆ ಯಾರಿಗೆ ದಾರಿಯಾಗುವುದೆಂಬ ತಿಳಿವು ತಡವಾಗಿಯಾದರೂ ಎಲ್ಲರಿಗೂ ಬರಲಿ. ಎರಡು ಕಾಲಿನವರೂ ನಾಲ್ಕು ಕಾಲಿನವರೂ ಕಾಲಿಲ್ಲದವರೂ ಅವರವರ ಮನೆಯಲ್ಲಿ ಸುಖವಾಗಿರಲಿ.